ಮಾತ್ರೆ ಯಾವ ಬಾಗಿಲು ತಟ್ಟುತ್ತದೆ?

ಮಾನ್ಯ ಸಂಪಾದಕರೇ,
ಒಳಕಿವಿಯ ಸಮತೋಲನದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ‘ಗ್ರಾಹಕ’ ಎಂದರೆ ಅಂಗಡಿಯ ಗಿರಾಕಿ ಎಂದೇ ಮೊದಲು ತಿಳಿದೆ. ಮೂರು ವರ್ಷದಿಂದ ನನಗೆ ತಲೆಸುತ್ತು. ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತೇನೆ, ನಿಲ್ಲುತ್ತದೆ. ಅದು ಯಾವ ಗ್ರಾಹಕದ ಮೇಲೆ ಕೂರುತ್ತದೆ ಎಂದು ತಿಳಿದು ನಮ್ಮಂಥವರಿಗೆ ಆಗಬೇಕಾದದ್ದೇನು? ವೈದ್ಯರನ್ನು ನಂಬಿದರೆ ಸಾಲದೇ?
— ಒಬ್ಬ ನಿವೃತ್ತ ಶಿಕ್ಷಕ, ಸಾಗರ

ಮೇಷ್ಟ್ರೇ, ವೈದ್ಯರನ್ನು ನಂಬಬೇಕು, ಒಪ್ಪಿದೆ. ಆದರೆ ‘ನಮ್ಮಂಥವರಿಗೆ’ ಎಂದಿರಲ್ಲ, ಆ ಮಾತು ನನಗೆ ನೋವು ತಂದಿತು. ಯಾಕೆ ಎಂದು ಕೇಳಿ ಅಂತ ಮಕ್ಕಳಿಗೆ ಜೀವಮಾನವಿಡೀ ಹೇಳಿಕೊಟ್ಟವರು ನೀವು. ನಿಮ್ಮದೇ ಮಾತ್ರೆಯ ವಿಷಯ ಬಂದಾಗ ಆ ಪ್ರಶ್ನೆಯನ್ನು ಬಿಟ್ಟುಕೊಡುವುದೇ?

ನನ್ನ ದೊಡ್ಡಮ್ಮನಿಗೂ ತಲೆಸುತ್ತು ಇತ್ತು. ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಸಾಕು, ಮಾಡಿನ ಜಂತಿಗಳೆಲ್ಲ ಗಿರ್ರನೆ ತಿರುಗುತ್ತಿದ್ದವು. ಪಿತ್ತ ಎಂದುಕೊಂಡು ಜೀರಿಗೆ ಕಷಾಯ ಕುಡಿದದ್ದಾಯಿತು. ಆಮೇಲೆ ಆಸ್ಪತ್ರೆಯೊಂದರಲ್ಲಿ ಪ್ರೋಕ್ಲೋರ್‌ಪೆರಜಿನ್ ಮಾತ್ರೆ ಬರೆದುಕೊಟ್ಟರು. ಎಷ್ಟು ದಿನ ತೆಗೆದುಕೊಳ್ಳಬೇಕೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತರುತ್ತಲೇ ಹೋದೆವು. ಎರಡನೆಯ ವರ್ಷ ಅವರ ಕೈ ನಡುಗತೊಡಗಿತು. ಕಾಫಿ ಲೋಟ ಎತ್ತಿದರೆ ಸೆರಗಿನ ಮೇಲೆ ಚೆಲ್ಲುತ್ತಿತ್ತು. ಹೊಸ್ತಿಲ ಬಳಿ ಪಾದ ಎಳೆದು ಎಳೆದು ನಿಲ್ಲುತ್ತಿದ್ದರು. ವಯಸ್ಸಾಯಿತಲ್ಲ ಎಂದು ಮನೆಯವರೆಲ್ಲ ಸುಮ್ಮನಾದೆವು.

ಅದು ವಯಸ್ಸಿನ ಕೆಲಸವಾಗಿರಲಿಲ್ಲ. ಆ ಮಾತ್ರೆ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕದ ಗ್ರಾಹಕಗಳನ್ನು, ಎಂದರೆ ಕೋಶದ ಮೇಲೆ ಅದನ್ನು ಹಿಡಿದುಕೊಳ್ಳುವ ಬಾಗಿಲುಗಳನ್ನು, ಮುಚ್ಚಿಹಾಕುತ್ತದೆ. ವಾಂತಿ, ಸುತ್ತು ತಗ್ಗುವುದು ಮುಖ್ಯವಾಗಿ ಅದರಿಂದ. ಆದರೆ ಅದೇ ಗ್ರಾಹಕಗಳು ಕೈಕಾಲಿನ ಚಲನೆಯನ್ನು ಹದವಾಗಿಡುವ ಮಿದುಳಿನ ಭಾಗದಲ್ಲೂ ಇವೆ. ವಯಸ್ಸಾದವರು ಬಹುಕಾಲ ನುಂಗಿದರೆ ಪಾರ್ಕಿನ್‌ಸನ್ ಕಾಯಿಲೆಯಂಥದೇ ನಡುಕ, ಬಿಗಿತ ಬರಬಹುದು. ತಲೆಸುತ್ತಿಗೆ ಧಾರಾಳವಾಗಿ ಬರೆಯುವ ಸಿನ್ನರಿಜಿನ್‌ಗೂ ಈ ಅಪಾಯವಿದೆ. ಯಾವ ಗ್ರಾಹಕ ಎಂದು ತಿಳಿದು ಆಗಬೇಕಾದದ್ದೇನು ಎಂದು ಕೇಳಿದಿರಿ. ನಮಗೆ ಅದು ಮೊದಲೇ ತಿಳಿದಿದ್ದರೆ ದೊಡ್ಡಮ್ಮನ ಒಂದು ವರ್ಷ ಉಳಿಯುತ್ತಿತ್ತು.

ಕೊನೆಗೆ ಒಬ್ಬ ಯುವ ವೈದ್ಯೆ ಅವರನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ಹೊರಳಿಸಿ, ಸರ್ರನೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಕೆಳಕ್ಕೆ ಇಳಿಬಿದ್ದಿತ್ತು. ‘ಅಮ್ಮಾ, ಕಣ್ಣು ಮುಚ್ಚಬೇಡಿ.’ ನಾಲ್ಕೈದು ಸೆಕೆಂಡು ಏನೂ ಇಲ್ಲ. ಆಮೇಲೆ ಎರಡೂ ಕಣ್ಣಾಲಿಗಳು ತಿರುಚಿಕೊಂಡು ಮೇಲಕ್ಕೆ ಪಟಪಟನೆ ಜಿಗಿಯತೊಡಗಿದವು. ಅರ್ಧ ನಿಮಿಷದೊಳಗೆ ತಾವಾಗಿಯೇ ನಿಂತವು. ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ವೈದ್ಯರು ಈ ಪರೀಕ್ಷೆಯನ್ನು 1952ರಲ್ಲೇ ವಿವರಿಸಿದ್ದಾರೆ. ಯಂತ್ರ ಬೇಕಿಲ್ಲ, ಒಂದು ಮಂಚ ಸಾಕು. ಒಳಕಿವಿಯ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳು ತಮ್ಮ ಜಾಗದಿಂದ ಕಳಚಿ ಅರ್ಧವೃತ್ತ ನಾಳದೊಳಗೆ ಜಾರಿದ್ದವು. ಅಮೆರಿಕದ ಜಾನ್ ಎಪ್ಲಿ ತೋರಿಸಿಕೊಟ್ಟ ಕ್ರಮದಲ್ಲಿ ವೈದ್ಯೆ ತಲೆಯನ್ನು ಹಂತಹಂತವಾಗಿ ತಿರುಗಿಸಿ ಅವನ್ನು ಹೊರಗೆ ಜಾರಿಸಿದರು. ಮಾತ್ರೆಯನ್ನು ಅವರೇ ನಿಲ್ಲಿಸಿದರು. ಕೆಲವು ತಿಂಗಳಲ್ಲಿ ಕೈಯ ನಡುಕವೂ ಇಳಿಯಿತು.

ಇನ್ನು ಆ ‘ಗ್ರಾಹಕ’. ಪದ ನಿಮ್ಮನ್ನು ದಾರಿ ತಪ್ಪಿಸಿದ್ದಕ್ಕೆ ಕ್ಷಮಿಸಿ. ಲೇಖನದ ಆರಂಭದಲ್ಲೇ ನಾವು ಬಿಡಿಸಿ ಹೇಳಬೇಕಿತ್ತು. ಪ್ರತಿ ಕಿವಿಯಲ್ಲೂ ಸಮತೋಲನದ ಐದು ಅಂಗಗಳಿವೆ: ಮೂರು ನಾಳ, ಎರಡು ಚೀಲ. ಅವುಗಳೊಳಗಿನ ರೋಮಕೋಶಗಳ ಕೂದಲಿನಂಥ ಎಳೆಗಳು ಬಾಗಿದಾಗ ಗ್ಲುಟಮೇಟ್ ಎಂಬ ರಾಸಾಯನಿಕ ಒಸರುತ್ತದೆ. ನರದ ತುದಿಯಲ್ಲಿರುವ ಗ್ರಾಹಕ ಅದನ್ನು ಹಿಡಿದುಕೊಂಡರೆ, ತಲೆ ತಿರುಗಿದ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಮಿದುಳೂ ಸುಮ್ಮನೆ ಕೇಳಿಸಿಕೊಂಡು ಕೂರುವುದಿಲ್ಲ, ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕದ ಮೂಲಕ ಕಿವಿಗೆ ಮರುಮಾತು ಕಳಿಸುತ್ತದೆ. ನನಗೆ ಅತ್ಯಂತ ಪ್ರಿಯವಾದ ಸಂಗತಿ ಇಲ್ಲಿದೆ. ಈ ರಾಸಾಯನಿಕ ರೋಮಕೋಶದ ಆಲ್ಫಾ-9 ಗ್ರಾಹಕಕ್ಕೆ ತಾಗಿದರೆ ಕೋಶ ತಣ್ಣಗಾಗುತ್ತದೆ. ಪಕ್ಕದ ನರದ ತುದಿಯಲ್ಲಿರುವ ಇನ್ನೊಂದು ಬಗೆಯ ಗ್ರಾಹಕಕ್ಕೆ ತಾಗಿದರೆ ನರ ಚುರುಕಾಗುತ್ತದೆ. ಹೋದ ಮಾತು ಒಂದೇ, ಕೇಳಿಸಿಕೊಂಡವರು ಬೇರೆ. ಆಲ್ಫಾ-9 ಗ್ರಾಹಕವನ್ನು 1994ರಲ್ಲಿ ಗುರುತಿಸಿದ ತಂಡದ ಮುಂಚೂಣಿಯಲ್ಲಿದ್ದವರು ಅರ್ಜೆಂಟೀನಾದ ವಿಜ್ಞಾನಿ ಬೆಲೆನ್ ಎಲ್ಗೊಯೆನ್. ಅದು ನಿಕೋಟಿನ್ ಗ್ರಾಹಕಗಳ ಕುಟುಂಬಕ್ಕೆ ಸೇರಿದ್ದು, ಆದರೂ ನಿಕೋಟಿನ್ ಅದನ್ನು ತೆರೆಯುವುದಿಲ್ಲ, ತಡೆಯುತ್ತದೆ!

ನಮ್ಮಲ್ಲಿ ಮನೆಮನೆಗೂ ಹೊಕ್ಕಿರುವ ತಲೆಸುತ್ತಿನ ಮಾತ್ರೆ ಬೀಟಾಹಿಸ್ಟಿನ್, ಹಿಸ್ಟಮೈನ್ ಎಂಬ ಮತ್ತೊಂದು ರಾಸಾಯನಿಕದ ಗ್ರಾಹಕಗಳ ಮೇಲೆ ಕೆಲಸ ಮಾಡುವಂಥದ್ದು. ತಲೆಸುತ್ತು ತರುವ ಒಳಕಿವಿಯ ಮೆನಿಯೇರ್ ಕಾಯಿಲೆಯ 221 ರೋಗಿಗಳ ಮೇಲೆ ಜರ್ಮನಿಯಲ್ಲಿ ಇದನ್ನು ಪರೀಕ್ಷಿಸಿದರು. 2016ರಲ್ಲಿ ಫಲಿತಾಂಶ ಪ್ರಕಟವಾದಾಗ ಔಷಧವೇ ಇಲ್ಲದ ಹುಸಿಮಾತ್ರೆಗಿಂತ ಇದು ಮೇಲೆಂದು ಕಾಣಲಿಲ್ಲ. ಈ ಸುದ್ದಿ ಕನ್ನಡದಲ್ಲಿ ಎಷ್ಟು ಮನೆಗೆ ತಲುಪಿತು?

ನನ್ನ ಸಂಕಟ ಇದೇ. ಬೆಳ್ಳಾವೆ ವೆಂಕಟನಾರಣಪ್ಪನವರಂಥವರು 1918ರಷ್ಟು ಹಿಂದೆಯೇ ವಿಜ್ಞಾನಕ್ಕೆಂದು ಕನ್ನಡದಲ್ಲಿ ಮಾಸಪತ್ರಿಕೆ ಹೊರಡಿಸಿದರು. ಇಂದು ನಮ್ಮ ಅಜ್ಜಿಯರು ದಿನವೂ ನುಂಗುವ ಮಾತ್ರೆಯ ಡಬ್ಬಿಯೊಳಗಿನ ಚೀಟಿ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿದೆ. ಅದನ್ನು ಓದಲಾರದವರು ಪ್ರಶ್ನೆ ಕೇಳುವುದು ಹೇಗೆ? ನಾಲ್ಕು ಕಷ್ಟದ ಪದ ಬಂದರೂ ಚಿಂತೆಯಿಲ್ಲ, ಇಂಥ ಲೇಖನಗಳನ್ನು ನಾನು ಪ್ರಕಟಿಸುತ್ತಲೇ ಇರುತ್ತೇನೆ.

ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಮೇಷ್ಟ್ರೇ. ಅದರ ಹೆಸರನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಸುತ್ತು ಬರುವುದು ಹಾಸಿಗೆಯಲ್ಲಿ ಹೊರಳಿದಾಗಲೋ, ಎದ್ದು ನಿಂತಾಗಲೋ, ಕೂತಲ್ಲೇ ಇರುವಾಗಲೋ ಎಂಬುದನ್ನೂ ಕೆಳಗೆ ಬರೆಯಿರಿ. ಆ ಕಾಗದ ಹಿಡಿದು ನಿಮ್ಮ ಡಾಕ್ಟರ ಬಳಿ ಹೋಗಿ, ಮಲಗಿಸಿ ಕಣ್ಣು ನೋಡುವಂತೆ ಕೇಳಿ. ಅವರು ಏನೆಂದರು ಎಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ