ಮೆಂತ್ಯದ ನೀರು, ಅರಿಶಿನದ ಗುಳಿಗೆ

ಪ್ರಶ್ನೆ: ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ. ರಾತ್ರಿ ಮೆಂತ್ಯ ನೆನೆಹಾಕಿ, ಬೆಳಿಗ್ಗೆ ನೀರು ಸೋಸಿ ಖಾಲಿ ಹೊಟ್ಟೆಗೆ ಕುಡಿಯುತ್ತಾರೆ. ಸಕ್ಕರೆ ಇಳಿದೇ ಇಲ್ಲ. ಯಾಕೆ?
– ಓದುಗರು, ಹಾಸನ

ಉತ್ತರ: ಸೋಸಿ ಕಾಳು ಚೆಲ್ಲುವುದರಿಂದ. ಮೆಂತ್ಯದಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಅದರ ಲೋಳೆ, ಅಂದರೆ ಗ್ಯಾಲಕ್ಟೋಮನ್ನಾನ್ ಎಂಬ ಕರಗುವ ನಾರು. ಅದು ಊಟದೊಂದಿಗೆ ಬೆರೆತು ಮಂದವಾದಾಗ ಸಕ್ಕರೆ ರಕ್ತಕ್ಕೆ ಸೇರುವ ವೇಗ ತಗ್ಗುತ್ತದೆ. ನೀರಿಗೆ ಇಳಿಯುವುದು ಅದರಲ್ಲಿ ಸ್ವಲ್ಪವೇ. ಅದೂ ತಿಂಡಿಗೆ ಬಹಳ ಮುಂಚೆ ಕುಡಿದರೆ ಬೆರೆಯಲು ಹೊಟ್ಟೆಯಲ್ಲಿ ಊಟವೇ ಇರುವುದಿಲ್ಲ.

ಒಂದು ಟೀ ಚಮಚ (ಸುಮಾರು 4 ಗ್ರಾಂ) ಕಾಳನ್ನು ರಾತ್ರಿಯಿಡೀ ನೆನೆಸಿ, ಅದೇ ನೀರಿನೊಂದಿಗೆ ರುಬ್ಬಿ, ಮಜ್ಜಿಗೆಗೋ ರೊಟ್ಟಿ ಹಿಟ್ಟಿಗೋ ಬೆರೆಸಿ ಊಟದ ಜೊತೆ ಕೊಡಿ. ಹೊಟ್ಟೆ ಒಗ್ಗಿದರೆ ಎರಡು ಮೂರು ವಾರದಲ್ಲಿ ದಿನಕ್ಕೆ 10 ಗ್ರಾಂ ತನಕ ಏರಿಸಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಯೋಗಗಳಲ್ಲಿ 25ರಿಂದ 100 ಗ್ರಾಂ ಪುಡಿ ಕೊಟ್ಟಿದ್ದರು; ಮನೆಯಲ್ಲಿ ಅಷ್ಟು ಬೇಡ, ಹೊಟ್ಟೆಯುಬ್ಬರ, ಭೇದಿ ಶುರುವಾಗುತ್ತದೆ. ದೋಸೆ ಹಿಟ್ಟಿಗೆ ಹಾಕುವ ಒಂದು ಚಮಚ ಮೆಂತ್ಯವನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ, ಅಲ್ಲಿ ಅಕ್ಕಿಯದೇ ಮೇಲುಗೈ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ (ಸಕ್ಕರೆ ಇಳಿಸುವ ಮಾತ್ರೆ) ತೆಗೆದುಕೊಳ್ಳುವವರಾದರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ ಬರಬಹುದು. ಮೊದಲ ವಾರಗಳಲ್ಲಿ ಮನೆಯಲ್ಲೇ ಪರೀಕ್ಷಿಸುತ್ತಿರಿ, ವೈದ್ಯರಿಗೂ ತಿಳಿಸಿ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಫಲ ಸಿಕ್ಕಿತೇ ಎಂಬುದು ಮೂರು ತಿಂಗಳ ನಂತರದ ಎಚ್‌ಬಿಎ1ಸಿಯಲ್ಲಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಗೊತ್ತಾಗುತ್ತದೆ.

ಪ್ರಶ್ನೆ: ಮಂಡಿನೋವಿಗೆಂದು ಮಗಳು ಅಮೆರಿಕದಿಂದ ಕರಿಮೆಣಸಿನ ಸಾರ ಸೇರಿಸಿದ ಕರ್ಕ್ಯುಮಿನ್ ಗುಳಿಗೆ ಕಳಿಸಿದ್ದಾಳೆ. ರಕ್ತ ತೆಳುವಾಗಲು ವಾರ್ಫರಿನ್ ನುಂಗುತ್ತಿದ್ದೇನೆ. ಅರಿಶಿನ ತಾನೇ, ತೊಂದರೆ ಏನು?
– ಓದುಗರು, ಧಾರವಾಡ

ಉತ್ತರ: ದಯವಿಟ್ಟು ತೆಗೆದುಕೊಳ್ಳಬೇಡಿ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು 3 ಭಾಗ. ಸಾರಿಗೆ ಅರ್ಧ ಚಮಚ ಹಾಕಿದರೆ ಇಡೀ ಪಾತ್ರೆಗೆ 45 ಮಿಲಿಗ್ರಾಂ ಆಸುಪಾಸು. ಒಂದೊಂದು ಗುಳಿಗೆಯಲ್ಲಿ ಸಾಮಾನ್ಯವಾಗಿ 500 ಮಿಲಿಗ್ರಾಂ. ಬರೀ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ, ಅದಕ್ಕೇ ಮೆಣಸಿನ ಪೈಪರಿನ್ ಬೆರೆಸುತ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಹೆಚ್ಚಿತು.

ಅಪಾಯವೂ ಅಲ್ಲೇ ಇದೆ. ಹೊರಗಿನ ವಸ್ತುಗಳನ್ನು ಕಳಚಿ ಹೊರಹಾಕುವ ಯಕೃತ್ತಿನ ಮತ್ತು ಕರುಳಿನ ಕಿಣ್ವಗಳನ್ನು ಪೈಪರಿನ್ ತಡೆಯುತ್ತದೆ. ಆಗ ಬೇರೆ ಔಷಧಿಗಳೂ ಮೈಯಲ್ಲಿ ಹೆಚ್ಚು ಹೊತ್ತು ಉಳಿಯಬಹುದು. ವಾರ್ಫರಿನ್ ವಿಷಯದಲ್ಲಿ ಹಾಗಾದರೆ ರಕ್ತಸ್ರಾವ. ಈಗಾಗಲೇ ನುಂಗಿದ್ದರೆ ಕರ್ಕ್ಯುಮಿನ್ ಗುಳಿಗೆ ನಿಲ್ಲಿಸಿ ಐಎನ್‌ಆರ್ ಪರೀಕ್ಷೆ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಪರೀಕ್ಷೆ) ಮಾಡಿಸಿ. ಇಂಥ ಗುಳಿಗೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ಅಮೆರಿಕ, ಇಟಲಿಯಲ್ಲಿ ವರದಿಯಾಗಿವೆ. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಅಂದೇ ವೈದ್ಯರಲ್ಲಿಗೆ ಹೋಗಿ. ಪಿತ್ತಕೋಶದಲ್ಲಿ ಕಲ್ಲಿರುವವರಿಗೂ ಈ ಗುಳಿಗೆ ಸಲ್ಲದು.

ಸಾರು, ಪಲ್ಯದ ಅರಿಶಿನ ಎಂದಿನಂತೆ ಇರಲಿ.

ಪ್ರಶ್ನೆ: ಸಿಗರೇಟು ಸೇದುವ ಅಣ್ಣನಿಗೆ ಬೀಟಾ ಕ್ಯಾರೊಟಿನ್ (ಕ್ಯಾರೆಟ್, ಸೊಪ್ಪುಗಳಲ್ಲಿರುವ, ಮೈಯಲ್ಲಿ ಎ ವಿಟಮಿನ್ ಆಗುವ ಅಂಶ) ಮಾತ್ರೆ ಕೊಡಿಸಲೇ?
– ಓದುಗರು, ಮಂಡ್ಯ

ಉತ್ತರ: ಬೇಡವೇ ಬೇಡ. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಬಂತು: ದಿನಕ್ಕೆ 20 ಮಿಲಿಗ್ರಾಂ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚೇ ಆಗಿತ್ತು. ಕ್ಯಾರೆಟ್, ನುಗ್ಗೆಸೊಪ್ಪು ತಿನ್ನಲು ಭಯವಿಲ್ಲ. ಒಗ್ಗರಣೆಗೆ ಒಂದು ಚಮಚ ಎಣ್ಣೆ ಇದ್ದರೆ ಕ್ಯಾರೊಟಿನ್ ಚೆನ್ನಾಗಿ ಮೈಗೆ ಹತ್ತುತ್ತದೆ. ಆ ಮಾತ್ರೆಯ ದುಡ್ಡಿನಲ್ಲಿ ಅಣ್ಣನಿಗೆ ನಿಕೋಟಿನ್ ಗಮ್ ಕೊಡಿಸಿ.