ಸಂಪಾದಕರ ಉತ್ತರ: ಎಕ್ಮೋ ಹಾಕಿದ ಮೇಲೂ ಇನ್ನೊಂದು ಪಂಪ್ ಯಾಕೆ?

ಬಸವೇಶ್ವರನಗರದ ಓದುಗರೊಬ್ಬರು ಬರೆದಿದ್ದಾರೆ: ತಂಗಿಯ ಮಗನಿಗೆ 26 ವರ್ಷ. ಜ್ವರ ಬಂದ ಕೆಲವೇ ದಿನಗಳಲ್ಲಿ ಹೃದಯದ ಪಂಪಿಂಗ್ 15 ಪರ್ಸೆಂಟಿಗೆ ಇಳಿಯಿತು. ಮಯೋಕಾರ್ಡೈಟಿಸ್ (ಹೃದಯದ ಸ್ನಾಯುವಿನ ಉರಿಯೂತ) ಎಂದು ಎಕ್ಮೋ, ಅಂದರೆ ದೇಹದ ಹೊರಗಿದ್ದು ರಕ್ತ ಪಂಪ್ ಮಾಡುವ ಯಂತ್ರ, ಹಾಕಿದರು, ಮರುದಿನವೇ ಇನ್ನೊಂದು ಪಂಪ್‌ಗೆ ಸಹಿ ಕೇಳಿದರು. ‘ಒಂದು ಮೆಷಿನ್ ಇರುವಾಗ ಇನ್ನೊಂದು ಯಾಕೆ, ಬಿಲ್ ಏರಿಸಲಿಕ್ಕೆಯೇ?’

ಖರ್ಚು ಲಕ್ಷಗಳಲ್ಲಿ ಏರುವಾಗ ಈ ಅನುಮಾನ ಸಹಜ. ಆದರೆ ಎರಡನೇ ಪಂಪ್ ಬೇಕಾಗುವುದು ಬಹುಮಟ್ಟಿಗೆ ಎಕ್ಮೋ ಕೆಲಸ ಮಾಡುವ ರೀತಿಯಿಂದಲೇ.

ಎಕ್ಮೋ ತೊಡೆಸಂದಿನ ಅಭಿಧಮನಿಯಿಂದ ರಕ್ತ ಎಳೆದು, ಆಕ್ಸಿಜನ್ ಸೇರಿಸಿ, ಅಪಧಮನಿಗೆ ನಿಮಿಷಕ್ಕೆ 3ರಿಂದ 5 ಲೀಟರ್‌ನಷ್ಟು ತಳ್ಳುತ್ತದೆ. ಮಿದುಳು, ಕಿಡ್ನಿ, ಲಿವರ್ ಇದರಿಂದ ಉಳಿಯುತ್ತವೆ. ಆದರೆ ಆ ರಕ್ತ ಮಹಾಪಧಮನಿಯಲ್ಲಿ ಹೃದಯಕ್ಕೆ ಎದುರಾಗಿ ಹರಿಯುತ್ತದೆ. ಹೊರಗಿನಿಂದ ಒತ್ತಿ ಹಿಡಿದ ಬಾಗಿಲನ್ನು ಬಳಲಿದವನು ಒಳಗಿನಿಂದ ತಳ್ಳುವಂಥ ಸ್ಥಿತಿ ಎಡ ಹೃತ್ಕುಕ್ಷಿಯದು. ಅಲ್ಲಿಂದ ಮಹಾಪಧಮನಿಗೆ ತೆರೆಯುವ ಕವಾಟ ತೆರೆಯದಿದ್ದರೆ ಒಳಗೆ ನಿಂತ ರಕ್ತ ಹೆಪ್ಪುಗಟ್ಟಬಹುದು, ಶ್ವಾಸಕೋಶದಲ್ಲಿ ನೀರು ತುಂಬಬಹುದು. ಮಾನಿಟರ್‌ನಲ್ಲಿ ಬಿಪಿಯ ಅಲೆ ಚಪ್ಪಟೆಯಾಗುವುದು, ಉಸಿರಾಟದ ಟ್ಯೂಬಿನಲ್ಲಿ ನಸುಗೆಂಪು ನೊರೆ ಬರುವುದು ಇದರ ಗುರುತು. ಎಕೋ ಮಾಡಿದರೆ ಖಚಿತವಾಗುತ್ತದೆ.

ಆಗ ಹಾಕುವ ಎರಡನೇ ಪಂಪ್ ಇಂಪೆಲ್ಲಾ: ಆ ಕವಾಟದ ಮೂಲಕ ತೂರಿಸುವ ಸಣ್ಣ ಪಂಪ್. ಎಡ ಹೃತ್ಕುಕ್ಷಿಯ ರಕ್ತವನ್ನು ಹೀರಿ ಮಹಾಪಧಮನಿಗೆ ಬಿಡುತ್ತದೆ. ಹಾಗಿದ್ದರೆ ಮೊದಲೇ ಅದೊಂದನ್ನೇ ಹಾಕಬಹುದಿತ್ತಲ್ಲ ಎಂದರೆ, ಅದು ಆಕ್ಸಿಜನ್ ಸೇರಿಸುವುದಿಲ್ಲ, ಹೃದಯದ ಬಲಭಾಗಕ್ಕೂ ಆಸರೆಯಾಗುವುದಿಲ್ಲ. ತೀವ್ರ ಮಯೋಕಾರ್ಡೈಟಿಸ್‌ನಲ್ಲಿ ಹಲವು ಸಲ ಎರಡೂ ಕಡೆ ಸೋತಿರುತ್ತವೆ. ಮಹಾಪಧಮನಿಯಲ್ಲಿ ಬಲೂನ್ ಉಬ್ಬಿಸಿ ಇಳಿಸುವ ಬಲೂನ್ ಪಂಪ್ ಅಗ್ಗ, ಆದರೆ ಅದರ ಬಲವೂ ಕಡಿಮೆ.

ಎಕ್ಮೋ ನಳಿಕೆ ಹಾಕಿದ ಕಾಲಿಗೆ ರಕ್ತ ಹರಿಯುವುದು ನಿಲ್ಲಬಹುದು. ಅದಕ್ಕಾಗಿ ತೊಡೆಯ ಕೆಳಭಾಗಕ್ಕೆ ರಕ್ತ ಕಳಿಸುವ ಇನ್ನೊಂದು ಸಣ್ಣ ನಳಿಕೆ ಹಾಕಿದ್ದಾರೆಯೇ ಎಂದು ಕೇಳಿ. ಪಾದ ತಣ್ಣಗಾದರೆ, ಬಣ್ಣಗೆಟ್ಟರೆ ಕೂಡಲೇ ಹೇಳಿ. ಆಕ್ಸಿಜನ್ ಮಟ್ಟವನ್ನು ಬಲಗೈಯಲ್ಲೇ ನೋಡಬೇಕು: ಹೃದಯ ಚೇತರಿಸಿ, ಶ್ವಾಸಕೋಶ ಇನ್ನೂ ಕೆಟ್ಟಿದ್ದರೆ, ಮಿದುಳಿಗೆ ಆಕ್ಸಿಜನ್ ಕಡಿಮೆಯಿರುವ ರಕ್ತ ಹೋಗುತ್ತಿರುವುದು ಮೊದಲು ಗೊತ್ತಾಗುವುದು ಅಲ್ಲಿ. ಮೂಲ ಡೆಂಗಿಯಾಗಿ ಪ್ಲೇಟ್‌ಲೆಟ್ ಇಳಿದಿದ್ದರೆ ರಕ್ತಸ್ರಾವದ ಭಯ ಇಮ್ಮಡಿ, ಏಕೆಂದರೆ ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಂತೆ ಸಾಮಾನ್ಯವಾಗಿ ಹೆಪಾರಿನ್ ಕೊಡುತ್ತಾರೆ.

ನೀವು ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಬಯಾಪ್ಸಿ (ಹೃದಯದ ಸ್ನಾಯುವಿನ ಚೂರು ತೆಗೆದು ಪರೀಕ್ಷೆ) ಮಾಡುತ್ತಾರೆಯೇ? ಯಂತ್ರ ರೋಗವನ್ನು ಗುಣಪಡಿಸುವುದಿಲ್ಲ, ಸಮಯ ಕೊಡುತ್ತದೆ ಅಷ್ಟೆ. ಮಯೋಕಾರ್ಡೈಟಿಸ್‌ನ ‘ಜೈಂಟ್ ಸೆಲ್’ ಎಂಬ ಬಗೆಯದಾದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳಿಲ್ಲದೆ ಆ ಸಮಯ ವ್ಯರ್ಥವಾದೀತು.

ವೈರಸ್‌ನಿಂದ ಬಂದದ್ದಾದರೆ ಒಂದೆರಡು ವಾರದೊಳಗೆ ಹೃದಯ ಚೇತರಿಸುವುದುಂಟು, ಹಾಗಾಗಿ ಮೊದಲ ದಿನಗಳ 15 ಪರ್ಸೆಂಟ್ ನೋಡಿ ಕೈಚೆಲ್ಲಬೇಡಿ. ಎಕ್ಮೋ ಹರಿವನ್ನು ನಿಮಿಷಕ್ಕೆ ಒಂದೂವರೆ ಲೀಟರ್‌ನ ಆಸುಪಾಸಿಗೆ ಇಳಿಸಿ, ಎಕೋದಲ್ಲಿ ಪಂಪಿಂಗ್ 20–25 ಪರ್ಸೆಂಟ್ ದಾಟಿ ಬಿಪಿ ಕುಸಿಯದೆ ಸ್ಥಿರವಾಗಿದ್ದರೆ ತೆಗೆಯುವ ಯೋಚನೆ ಮಾಡುತ್ತಾರೆ. ಹೃದಯ ಏಳದೇ ಇದ್ದರೆ ದೀರ್ಘಕಾಲದ ಪಂಪ್ ಅಥವಾ ಕಸಿ. ಕಸಿಗೆ ಕರ್ನಾಟಕದಲ್ಲಿ ಅಂಗಾಂಗ ಕಸಿಯ ಸರ್ಕಾರಿ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಆಸ್ಪತ್ರೆಯ ಮೂಲಕ ನೋಂದಾಯಿಸಬೇಕು. ಆ ಮಾತನ್ನು ವೈದ್ಯರ ಬಳಿ ಈ ವಾರವೇ ಎತ್ತಿ.