ಎಂ1 ಮ್ಯಾಕ್‌ನಲ್ಲಿ ರೆಕಾರ್ಡಿಂಗ್: ಪ್ಲಗಿನ್ ಮಾಯವಾದರೆ

ಇಂಟೆಲ್ ಮ್ಯಾಕ್ ಬಿಟ್ಟು ಆಪಲ್‌ನದೇ ಎಂ1 ಪ್ರೊಸೆಸರ್‌ನ ಮ್ಯಾಕ್‌ಗೆ ಬಂದ ಮೇಲೆ ರೆಕಾರ್ಡಿಂಗ್ ಸಾಫ್ಟ್‌ವೇರ್ ಏನೋ ತೆರೆಯುತ್ತೆ, ಆದರೆ ಹಳೆಯ ಪ್ಲಗಿನ್‌ಗಳು (ಅದರೊಳಗೆ ಸೇರಿಸುವ ಎಫೆಕ್ಟ್, ವಾದ್ಯಗಳ ಪುಟ್ಟ ಪ್ರೋಗ್ರಾಂಗಳು) ಪಟ್ಟಿಯಲ್ಲೇ ಇಲ್ಲ ಅಂದಿದ್ದೀರಿ. ಪ್ಲಗಿನ್ ಕೆಟ್ಟಿದೆ ಅಂತ ಈಗಲೇ ತೀರ್ಮಾನಿಸಬೇಡಿ.

ಸಾಫ್ಟ್‌ವೇರ್ ಓಡುವಾಗ ಆಕ್ಟಿವಿಟಿ ಮಾನಿಟರ್‌ನಲ್ಲಿ 'ಕೈಂಡ್' ಕಾಲಂ ನೋಡಿ. 'ಆಪಲ್' ಅಂತಿದ್ದರೆ ಅದು ನೇರವಾಗಿ ಹೊಸ ಪ್ರೊಸೆಸರ್ ಮೇಲೆ ಓಡ್ತಿದೆ, 'ಇಂಟೆಲ್' ಅಂತಿದ್ದರೆ ಇಂಟೆಲ್ ಕೋಡನ್ನು ಅನುವಾದಿಸುವ ಆಪಲ್‌ನ ರೊಸೆಟ್ಟಾ 2 ನಡುವೆ ದುಭಾಷಿಯಾಗಿ ಕೂತಿದೆ. ಒಂದೇ ಪ್ರೋಸೆಸ್‌ನಲ್ಲಿ ಎರಡೂ ಬಗೆಯ ಕೋಡ್ ಬೆರೆಯಲ್ಲ. ಇಂಟೆಲ್‌ಗಷ್ಟೇ ತಯಾರಾದ ಪ್ಲಗಿನ್ ಅಲ್ಲೇ ಸಿಕ್ಕಿಹಾಕಿಕೊಳ್ಳೋದು. ಆ್ಯಪ್‌ನ 'ಗೆಟ್ ಇನ್ಫೋ'ದಲ್ಲಿ ರೊಸೆಟ್ಟಾ ಆಯ್ಕೆಗೆ ಟಿಕ್ ಹಾಕಿ ಮತ್ತೆ ತೆರೆಯಿರಿ. ಪ್ಲಗಿನ್ ಬಂತಾ? ಕಾರಣ ಸಿಕ್ಕಿತು. ಹಳೇ ಪ್ರಾಜೆಕ್ಟ್ ಮುಗಿಸೋಕೆ ಅಷ್ಟು ಸಾಕು, ಹೊಸದಕ್ಕೆ ಮಾತ್ರ ಎರಡೂ ಪ್ರೊಸೆಸರ್‌ಗೆ ತಯಾರಾದ ಯೂನಿವರ್ಸಲ್ ಆವೃತ್ತಿಯನ್ನೇ ಹುಡುಕಿ.

ಆಡಿಯೋ ಇಂಟರ್‌ಫೇಸ್‌ನ (ಮೈಕ್, ಸ್ಪೀಕರ್‌ಗಳನ್ನು ಮ್ಯಾಕ್‌ಗೆ ಜೋಡಿಸುವ ಪೆಟ್ಟಿಗೆ) ಡ್ರೈವರ್ ಬೇರೆ ಕಥೆ. ಕರ್ನಲ್ ಎಕ್ಸ್‌ಟೆನ್ಷನ್‌ಗಳನ್ನು, ಅಂದರೆ ಸಿಸ್ಟಂನ ಒಳಗೇ ಕೂರುವ ಡ್ರೈವರ್‌ಗಳನ್ನು, ರೊಸೆಟ್ಟಾ ಮುಟ್ಟೋದೇ ಇಲ್ಲ. ಬೇರೆ ಡ್ರೈವರ್ ಬೇಡದ ಕ್ಲಾಸ್ ಕಂಪ್ಲಯಂಟ್ ಸಾಧನವಾದರೆ ಆ ತಲೆನೋವಿಲ್ಲ.

ಸದ್ದು ಎಷ್ಟು ತಡವಾಗುತ್ತೆ ಅಂತ ತಿಳಿಯೋಕೆ ನಿಜವಾದ ಪರೀಕ್ಷೆ ಲೂಪ್‌ಬ್ಯಾಕ್, ಅಂದರೆ ಹೊರಗೆ ಹೋದ ಸದ್ದನ್ನೇ ಮತ್ತೆ ಒಳಗೆ ತರೋದು. ಸ್ಪೀಕರ್ ವಾಲ್ಯೂಮ್ ಇಳಿಸಿ, ಇಂಟರ್‌ಫೇಸ್‌ನ ಔಟ್‌ಪುಟ್‌ನಿಂದ ಅದರದೇ ಇನ್‌ಪುಟ್‌ಗೆ ಕೇಬಲ್ ಚುಚ್ಚಿ. ಇನ್‌ಪುಟ್ ಮಾನಿಟರಿಂಗ್ (ಒಳಬರುವ ಸದ್ದನ್ನು ಕೂಡಲೇ ಕೇಳಿಸೋದು) ಆಫ್ ಇರಲಿ, ಇಲ್ಲಾಂದ್ರೆ ಸದ್ದು ಸುತ್ತಿ ಸುತ್ತಿ ಬೆಳೆದು ಕಿವಿ ಹಾರಿಹೋಗುತ್ತೆ. ಒಂದು ಕ್ಲಿಕ್ ಟ್ರ್ಯಾಕ್ ನುಡಿಸಿ, ಅದನ್ನೇ ಹೊಸ ಟ್ರ್ಯಾಕ್‌ಗೆ ರೆಕಾರ್ಡ್ ಮಾಡಿ. ಜೂಮ್ ಮಾಡಿದರೆ ಎರಡು ಮೊನೆಗಳ ನಡುವಿನ ಅಂತರ ಸ್ಯಾಂಪಲ್‌ಗಳಲ್ಲಿ (ಸದ್ದಿನ ಅತಿ ಸಣ್ಣ ಅಳತೆಗಳು) ಕಾಣುತ್ತೆ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಸಾಫ್ಟ್‌ವೇರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸದ್ದಿನ ತುಣುಕು) ಅಂದರೆ ಸುಮಾರು 2.7 ಮಿಲಿಸೆಕೆಂಡ್. ಇದನ್ನು ರೊಸೆಟ್ಟಾ ಇದ್ದಾಗ, ಇಲ್ಲದಾಗ ಎರಡೂ ಸಲ ಮಾಡಿ. ಆಮೇಲೆ ಅದೇ ಬಫರ್‌ನಲ್ಲಿ ನಿಮ್ಮ ಅತಿ ಭಾರದ ಪ್ರಾಜೆಕ್ಟ್‌ನ ನಕಲು ತೆರೆದು ಉದ್ದಕ್ಕೂ ರೆಕಾರ್ಡ್ ಮಾಡಿ, ಚಟಪಟ ಸದ್ದು ಬರುತ್ತಾ ಕೇಳಿ.

ಇಂಟರ್‌ಫೇಸ್ ಯಾವುದು, ಮ್ಯಾಕ್‌ಓಎಸ್ ಆವೃತ್ತಿ ಯಾವುದು ಅಂತ ತಿಳಿಸಿ.